ಚೊಗರು ಬೆರೆಸಿದ ವಿಸ್ಕಿ

ನಾನು ಬಾರಿನಲ್ಲಿ ಕೆಲಸ ಮಾಡುವವನು. ಇದನ್ನು ಹೀಗೆ ನೇರವಾಗಿ ಹೇಳಲು ನಮ್ಮ ಚನ್ನಗಿರಿ ಮನೆಯಲ್ಲಿ ಯಾರಿಗೂ ಬಾಯಿ ಬರುತ್ತಿರಲಿಲ್ಲ. ಮಂಗಳೂರಿನಲ್ಲಿ, ಆಮೇಲೆ ಗೋವಾದಲ್ಲಿ, ದೊಡ್ಡ ಹೋಟೆಲುಗಳ ಕೌಂಟರಿನ ಹಿಂದೆ ನಿಂತು ಗ್ಲಾಸು ತುಂಬಿಸುತ್ತಿದ್ದ ಅಷ್ಟೂ ವರ್ಷ ನಮ್ಮವರ ಪಾಲಿಗೆ ನಾನು ‘ಹೋಟ್ಲಾಗೆ ಅದಾನೆ’, ಅಷ್ಟೇ. ಅವ್ವ ಬದುಕಿದ್ದಾಗ ಕೇಳಿದವರಿಗೆ ‘ಜ್ಯೂಸ್ ಮಾಡ್ತಾನೆ’ ಎನ್ನುತ್ತಿದ್ದಳು. ದಿನಾ ಲಿಂಗಪೂಜೆ ಆಗುವ ಮನೆ ನಮ್ಮದು. ಅಲ್ಲಿ ಬಾಟಲಿಯ ಹೆಸರೆತ್ತುವುದೇ ತಪ್ಪು. ಆದರೆ ಅದೇ ಮನೆಯ ಹಿರಿಮಗ, ನನ್ನ ಅಣ್ಣ, ಕುಡಿಯುತ್ತಿದ್ದ. ಊರಿಗೆಲ್ಲ ಅದು ಗೊತ್ತಿತ್ತು. ಮನೆಯೊಳಗೆ ಮಾತ್ರ ಅದಕ್ಕೆ ‘ಗ್ಯಾಸ್ಟ್ರಿಕ್’ ಎಂದು ಹೆಸರಿಟ್ಟಿದ್ದರು.

ಲಾಕ್‌ಡೌನಿನಲ್ಲಿ ಗೋವಾದ ಹೋಟೆಲು ಬಾಗಿಲು ಹಾಕಿತು. ನಾನು ಊರ ಕಡೆ ಬಂದು, ಕಾದು ಕಾದು, ಕೊನೆಗೆ ಹೊನ್ನಾಳಿಯ ಒಂದು ಲಾಡ್ಜಿನ ಕೆಳಗಿನ ಬಾರಿನಲ್ಲಿ ನಿಂತೆ. ಅಲ್ಲಿನ ಗಿರಾಕಿಗಳನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಕುಡಿಯುತ್ತಾರೆ ಎಂದಲ್ಲ, ಅದು ನನ್ನ ಅನ್ನ. ಕುಡಿಯುವ ರೀತಿಗೆ ಉರಿಯುತ್ತಿತ್ತು. ನೈಂಟಿ ಎನ್ನುವುದು, ನೀರೋ ಕೋಲಾನೋ ಸುರಿಯುವುದು, ಹರಳೆಣ್ಣೆ ಕುಡಿಯುವ ಹಾಗೆ ಕಣ್ಣು ಮುಚ್ಚಿ ಎತ್ತುವುದು, ಬೆರಳಲ್ಲಿ ಉಪ್ಪಿನಕಾಯಿ ನೆಕ್ಕಿ ಮತ್ತೊಂದು ನೈಂಟಿ ಎನ್ನುವುದು. ಏನು ಕುಡಿದೆಯಪ್ಪಾ ಎಂದು ಕೇಳಿದರೆ ಹೆಸರು ಹೇಳಿಯಾರು, ರುಚಿ ಹೇಳಲಾರರು.

ವಿಸ್ಕಿ ಎಂದರೆ ಒಂದೇ ಸರಕಲ್ಲ. ಜವೆಗೋಧಿಯನ್ನು ಮೊಳಕೆ ಬರಿಸಿ, ಒಣಗಿಸಿ, ಅದರಿಂದ ಇಳಿಸಿದ್ದು ಮಾಲ್ಟ್. ಒಣಗಿಸುವಾಗ ಕೆಳಗೆ ಜೌಗುನೆಲದ ಹೆಂಟೆ ಸುಟ್ಟರೆ ಆ ಹೊಗೆ ಕಾಳಿಗೆ ಹತ್ತಿ ಕೊನೆಯವರೆಗೂ ಉಳಿಯುತ್ತದೆ. ಸ್ಕಾಟ್ಲೆಂಡಿನ ಕೆಲವು ದ್ವೀಪಗಳದ್ದು ಹಾಗೆ, ಮೊದಲ ಗುಟುಕಿಗೆ ಆಸ್ಪತ್ರೆಯೊಳಗೆ ಕಾಲಿಟ್ಟಂತಾಗುತ್ತದೆ. ಐರ್ಲೆಂಡಿನವರು ಹೆಚ್ಚಾಗಿ ಮೂರು ಸಲ ಬಟ್ಟಿ ಇಳಿಸುತ್ತಾರೆ, ಅದಕ್ಕೇ ಅದು ಗಂಟಲಿಗೆ ತಾಗದೆ ಇಳಿಯುತ್ತದೆ. ಅಮೆರಿಕದ ಬೋರ್ಬನ್ನು ಮೆಕ್ಕೆಜೋಳದ್ದು. ಅತ್ತಿಗೆಯ ತವರು ಜಗಳೂರಿನ ಕಡೆ ರಸ್ತೆಯ ಮೇಲೇ ಹರವಿ ಒಣಗಿಸುತ್ತಾರಲ್ಲ, ಅದೇ ಮೆಕ್ಕೆಜೋಳ. ಒಳಮೈ ಸುಟ್ಟ ಹೊಸ ಪೀಪಾಯಿಯಲ್ಲಿ ಕೂತು ಸಿಹಿಯಾಗುತ್ತದೆ. ರೈ ಎಂಬ ಕಾಳಿನದು ಮೆಣಸಿನಂತೆ ಚುರುಗುಟ್ಟುತ್ತದೆ. ನಮ್ಮ ಬ್ರಾಂಡಿ ಅಂಗಡಿಗಳಲ್ಲಿ ವಿಸ್ಕಿ ಎಂದು ಮಾರುವ ಅಗ್ಗದ ಮಾಲಿನಲ್ಲಿ ಹೆಚ್ಚಿನ ಪಾಲು ಕಾಕಂಬಿಯ ಸ್ಪಿರಿಟ್ಟು, ಒಂದಿಷ್ಟು ಮಾಲ್ಟು, ಒಂದಿಷ್ಟು ಸುಟ್ಟ ಸಕ್ಕರೆಯ ಬಣ್ಣ. ಒಳ್ಳೆಯದರಲ್ಲಿ ಬಣ್ಣವೂ ಬಾಯಿಯ ಹಿಂಬದಿಯನ್ನು ಹಿಡಿಯುವ ಒಗರೂ ಮರದಿಂದಲೇ ಬರಬೇಕು. ಇಷ್ಟನ್ನು ಮೂಗಿನಿಂದ, ಒಂದು ಹನಿಯಿಂದ, ಗುರುತಿಸಲು ನಾನು ಕಲಿತಿದ್ದೆ. ಬಾಯಲ್ಲಿ ಆಡಿಸಿ ಉಗುಳುವುದೇ ನಮ್ಮ ಕಸುಬು. ನುಂಗಿದರೆ ಕಸುಬು ಉಳಿಯುವುದಿಲ್ಲ. ಅವ್ವ ಇದನ್ನು ಕೊನೆವರೆಗೂ ನಂಬಲಿಲ್ಲ.

ಅಣ್ಣ ಅಡಿಕೆ ಖೇಣಿ ಹಿಡಿಯುತ್ತಿದ್ದ. ಅಂದರೆ ಫಸಲು ಮರದ ಮೇಲಿರುವಾಗಲೇ ತೋಟದ ಕಾಯಿಯನ್ನು ಪೂರ್ತಿ ಮಾತಾಡಿಕೊಂಡು, ಕೊಯ್ಯಿಸಿ, ಸುಲಿಸಿ, ಬೇಯಿಸಿ, ಒಣಗಿಸಿ ಮಾರುವುದು. ತ್ಯಾವಣಿಗೆ ರಸ್ತೆಯಲ್ಲಿ ಅವನದೊಂದು ಶೆಡ್ಡಿತ್ತು. ಸುಗ್ಗಿ ಬಂದರೆ ಅಲ್ಲೇ ಊಟ, ಅಲ್ಲೇ ನಿದ್ದೆ. ಅಡಿಕೆ ಬೇಯಿಸಿದ ನೀರು ಕುದಿಕುದಿದು ಗಟ್ಟಿಯಾಗಿ, ಕಡುಗೆಂಪಾಗಿ, ಅಂಟಂಟಾಗಿ ಉಳಿಯುತ್ತದೆ. ಅದು ಚೊಗರು. ಒಣಗಿಸುವ ಮುಂಚೆ ಅಡಿಕೆಗೆ ಅದರ ಬಣ್ಣ ಕೊಡುತ್ತಾರೆ. ಚೊಗರು ಹದವಾಯಿತೇ ಎಂದು ನೋಡಲು ಅಣ್ಣ ಬೆರಳದ್ದಿ ನಾಲಿಗೆಗೆ ಇಟ್ಟುಕೊಳ್ಳುತ್ತಿದ್ದ. ಬೇರೆ ಖೇಣಿದಾರರು ಕಣ್ಣಲ್ಲೇ ನೋಡುತ್ತಾರೆ. ಅವನಿಗೆ ಕಣ್ಣಿನ ಮೇಲೆ ನಂಬಿಕೆ ಇರಲಿಲ್ಲ.

ಒಂದು ಮಳೆಗಾಲ ಅವನ ಹೊಟ್ಟೆ ಉಬ್ಬಿತು, ಕಣ್ಣು ಹಳದಿಯಾಯಿತು. ದಾವಣಗೆರೆಯ ಡಾಕ್ಟರು ಸ್ಕ್ಯಾನಿಂಗ್ ನೋಡಿ ಮುಚ್ಚುಮರೆ ಮಾಡಲಿಲ್ಲ. ಲಿವರಿನಲ್ಲಿ ಉಳಿದಿರುವುದು ಸ್ವಲ್ಪ, ಕುಡಿತ ನಿಂತರೆ ಆ ಸ್ವಲ್ಪದಲ್ಲೇ ಬದುಕಬಹುದು, ನಿಲ್ಲದಿದ್ದರೆ ಇಲ್ಲ ಎಂದರು. ಆಸ್ಪತ್ರೆಗೆ ಸೇರಿಸಿ, ನಮ್ಮ ಕಣ್ಣೆದುರೇ ಬಿಡಿಸುತ್ತೇವೆ ಎಂದರು. ಕುಡುಕರ ವಾರ್ಡಿನಲ್ಲಿ ಮಲಗಿದರೆ ಅಡಿಕೆ ಮಂಡಿಯಲ್ಲಿ ತಲೆ ಎತ್ತುವುದು ಹೇಗೆ ಎಂದು ಅಣ್ಣ ಎದ್ದು ಬಂದುಬಿಟ್ಟ. ಬಾಗಿಲ ಹತ್ತಿರ ಡಾಕ್ಟರು ನನ್ನ ತೋಳು ಹಿಡಿದು, “ಹಂಗಾದ್ರೆ ಒಮ್ಮೆಲೇ ನಿಲ್ಲಿಸಾಕೂ ಹೋಗ್ಬೇಡಿ. ಕೈ ನಡುಗ್ತಾವೆ, ಫಿಟ್ಸ್ ಬರ್ತಾವೆ, ಜೀವಕ್ಕೇ ಅಪಾಯ ಐತೆ” ಎಂದರು.

ಅತ್ತಿಗೆ ಅಷ್ಟರೊಳಗೆ ತಮಗೆ ತಿಳಿದದ್ದೆಲ್ಲ ಮಾಡಿ ಮುಗಿಸಿದ್ದರು. ದೇವರ ಮುಂದೆ ಆಣೆ ಮಾಡಿಸಿದ್ದರು. ಅದು ಒಂದು ಅಮಾವಾಸ್ಯೆಯಿಂದ ಹುಣ್ಣಿಮೆವರೆಗೆ ನಿಂತಿತು. ನ್ಯಾಮತಿ ಕಡೆ ಯಾರೋ ಕೊಡುವ ಪುಡಿ ತಂದು ಗುಟ್ಟಾಗಿ ಮಜ್ಜಿಗೆಯಲ್ಲಿ ಕಲಸಿಟ್ಟಿದ್ದರು. ನಮ್ಮ ಕಡೆ ಹೆಂಗಸರು ಇದನ್ನು ಮಾಡುತ್ತಲೇ ಇರುತ್ತಾರೆ, ಗಂಡನಿಗೆ ಗೊತ್ತಾಗದಂತೆ ಸಾರಿನಲ್ಲೋ ಕಾಫಿಯಲ್ಲೋ ಬಿಡಿಸುವ ಔಷಧಿ ಹಾಕುವುದು. ಆ ಮಜ್ಜಿಗೆಯನ್ನು ಅಣ್ಣ ಕುಡಿಯಲಿಲ್ಲ, ಅಡಿಕೆ ಸುಲಿಯಲು ಬಂದ ಹೆಂಗಸು ಕುಡಿದು ಎರಡು ದಿನ ಏಳಲಿಲ್ಲ. ಅವಳಿಗೆ ಸೀರೆ ಕೊಟ್ಟು ಸಮಾಧಾನ ಮಾಡಬೇಕಾಯಿತು.

ಆಮೇಲೆ ಒಂದು ದಿನ ಅತ್ತಿಗೆ ಬಸ್ಸು ಹಿಡಿದು ಹೊನ್ನಾಳಿಗೆ ಬಂದರು. ಬಾರಿನ ಮುಂದೆ ನಿಲ್ಲಲಾಗದೆ ಎದುರಿನ ಬೇಕರಿಯ ಪಕ್ಕ ಸೆರಗು ಹೊದ್ದು ನಿಂತಿದ್ದರು. ನಾನು ಏಪ್ರನ್ ಬಿಚ್ಚಿಟ್ಟು ಓಡಿದೆ.

“ಬೆರೆಸಾಕೆ ಬರ್ತೈತಲ್ಲ ನಿನಗೆ” ಎಂದರು ಅತ್ತಿಗೆ, ಪೀಠಿಕೆ ಇಲ್ಲದೆ. “ಏನು ಹಾಕಿದ್ರೆ ಏನು ರುಚಿ ಅಂತ ಗೊತ್ತು. ನಿಮ್ಮಣ್ಣ ‘ತಮ್ಮನ ಕೈಲಿ ಕೊಡ್ಸು, ಸಾಯಂಕಾಲ ಅವನು ಕೊಟ್ಟಷ್ಟೇ ಕುಡೀತೀನಿ’ ಅಂದಾರೆ. ಕೊಡು. ಆದ್ರೆ ದಿನಾ ಒಂಚೂರು ಕಮ್ಮಿ ಮಾಡ್ಕೊಂಡು ಬಾ, ಅವರಿಗೆ ಗೊತ್ತಾಗ್ದಂಗೆ. ಕೊನಿಗೆ ಅದರಾಗೆ ಏನೂ ಇರಬಾರ್ದು.”

“ಅತ್ತಿಗೆ, ಅದು ಮಜ್ಜಿಗೆಗೆ ಪುಡಿ ಹಾಕಿದಂಗಲ್ಲ.”

“ಇಷ್ಟು ವರ್ಷ ಊರೋರಿಗೆಲ್ಲ ಕುಡಿಸಿದೀ. ಮನೆಯೋರಿಗೆ ಬಿಡಿಸಾಕೆ ಬರಲ್ಲೇನು?”

ಆ ಮಾತಿಗೆ ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಬಾರಿನ ಮಾಲೀಕರಿಗೆ ಸುಗ್ಗಿ ಮುಗಿಯುವವರೆಗೆ ರಜೆ ಎಂದು ಹೇಳಿ, ಶೇಕರು, ಅಳತೆಯ ಬಟ್ಟಲು, ಉದ್ದ ಚಮಚ ಎಲ್ಲ ಚೀಲಕ್ಕೆ ತುಂಬಿ ಚನ್ನಗಿರಿಗೆ ಹೋದೆ. ಒಮ್ಮೆಲೇ ನಿಲ್ಲಿಸಬಾರದು, ಸ್ವಲ್ಪ ಸ್ವಲ್ಪ ಇಳಿಸಬೇಕು. ಡಾಕ್ಟರ ಮಾತಿಗೂ ಅತ್ತಿಗೆಯ ಮಾತಿಗೂ ಹೊಂದಿಕೆಯಾಯಿತು ಎಂದುಕೊಂಡೆ.

ಆರಿಸಿಕೊಂಡದ್ದು ಓಲ್ಡ್ ಫ್ಯಾಶನ್ಡ್ ಎಂಬ ಪಾನೀಯ. ವಿಸ್ಕಿಗೆ ಒಂದಿಷ್ಟು ಸಕ್ಕರೆ, ಬಿಟರ್ಸ್ ಎಂಬ ಕಹಿಸಾರದ ಕೆಲವು ಹನಿ, ಮೇಲೆ ಕಿತ್ತಳೆ ಸಿಪ್ಪೆ ಹಿಂಡಿದ ಘಮ, ಅಷ್ಟೇ. ಸೋಡ ಇಲ್ಲ, ಹಣ್ಣಿನ ರಸ ಇಲ್ಲ, ಮುಚ್ಚಿಡಲು ಜಾಗವಿಲ್ಲದ ಪಾನೀಯ. ಸುಲಭದ್ದನ್ನು ಆರಿಸಿದ್ದರೆ ಅಣ್ಣ ಅದನ್ನು ಮಕ್ಕಳ ಶರಬತ್ತು ಎಂದು ಎಸೆಯುತ್ತಿದ್ದ. ಸಕ್ಕರೆಯ ಬದಲು ಜೋನಿ ಬೆಲ್ಲ ಹಾಕಿದೆ, ತೂಕ ಬಂತು. ಚಕ್ಕೆ ಲವಂಗ ನೆನೆಸಿ ಆ ಕಹಿಸಾರ ನಾನೇ ಮಾಡಿದೆ. ಮೊದಲ ವಾರ ಪೂರ್ತಿ ವಿಸ್ಕಿಯನ್ನೇ ಕೊಟ್ಟೆ. ಆಮೇಲೆ ಒಂದೊಂದೇ ಚಮಚ ತೆಗೆಯುತ್ತ, ತೆಗೆದ ಜಾಗಕ್ಕೆ ಏನಾದರೂ ತುಂಬುತ್ತ ಹೋದೆ. ಗಂಟಲಿನ ಉರಿಗೆ ಹಸಿಶುಂಠಿಯ ರಸ ಮತ್ತು ಮೆಣಸು. ಬಣ್ಣಕ್ಕೆ ಕಡುಚಹಾ. ಹೊಗೆಯ ವಾಸನೆಗೆ ಒಲೆಯ ಮುಂದೆ ಗ್ಲಾಸನ್ನು ಬೋರಲು ಹಿಡಿಯುತ್ತಿದ್ದೆ.

ಒಂದೇ ಒಂದು ಕೈಗೆ ಸಿಗಲಿಲ್ಲ, ಮರದ ಒಗರು. ಚಹಾದ ಒಗರು ನಾಲಿಗೆಯ ತುದಿಯಲ್ಲೇ ನಿಂತು ಹೋಗುತ್ತದೆ, ಪೀಪಾಯಿಯ ಒಗರು ಹಿಂದಕ್ಕೆ ಹೋಗಿ ದವಡೆ ಹಿಡಿಯುತ್ತದೆ. ಮಾವಿನ ಮರದ ಚಕ್ಕೆ ಕುದಿಸಿದೆ, ದಾಳಿಂಬೆ ಸಿಪ್ಪೆ ಕುದಿಸಿದೆ, ಆಗಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಚೊಗರಿನ ಡ್ರಮ್ಮು ಮೊದಲ ದಿನದಿಂದಲೂ ಇತ್ತು. ಒಂದು ಸಂಜೆ ಕಡ್ಡಿಯ ತುದಿಯಲ್ಲಿ ಒಂದು ಹನಿ ತೆಗೆದು, ನೀರಲ್ಲಿ ಸಡಿಲ ಮಾಡಿ, ಗ್ಲಾಸಿಗೆ ಬಿಟ್ಟು ಬಾಯಲ್ಲಿ ಆಡಿಸಿ ಉಗುಳಿದೆ. ಮರ ಬಂದಿತ್ತು. ಹಳೆಯ ಪೀಪಾಯಿಯಲ್ಲಿ ವರ್ಷಗಟ್ಟಲೆ ಕೂತ ಮಾಲಿನ ಒಗರು. ಗೋವಾದಲ್ಲಿ ನನಗೆ ಕಲಿಸಿದವರು ಅಲ್ಲಿದ್ದಿದ್ದರೆ ಎಂದು ಆಸೆಯಾಯಿತು. ಅಷ್ಟು ಹೆಮ್ಮೆ ನನಗೆ ಬೇರೆ ಯಾವ ಕೆಲಸದಲ್ಲೂ ಆಗಿಲ್ಲ.

ಅಣ್ಣ ಆ ಸಂಜೆ ಒಂದು ಗುಟುಕು ತೆಗೆದುಕೊಂಡು ನಾಲಿಗೆಯ ಮೇಲೆ ಆಡಿಸಿದ. ನನ್ನ ಮುಖ ನೋಡಿದ. ಆಮೇಲೆ, “ಇವತ್ತಿಂದು ಚಲೋ ಐತೆ ಬಿಡು” ಎಂದ.

ಅಲ್ಲಿಂದ ಮುಂದೆ ದಾರಿ ಸಲೀಸಾಯಿತು. ವಿಸ್ಕಿ ಇಳಿಯಿತು, ಇಳಿಯಿತು, ಕೊನೆಗೆ ಗ್ಲಾಸಿನ ಅಂಚಿಗೆ ಸವರುವಷ್ಟು ಉಳಿಯಿತು, ಬರೀ ವಾಸನೆಗೆ. ಅಣ್ಣ ಮಾತ್ರ ಮೊದಲಿಗಿಂತ ನಿಧಾನವಾಗಿ ಕುಡಿಯುತ್ತಿದ್ದ. ನಾವಿಬ್ಬರೂ ಶೆಡ್ಡಿನ ಹೊರಗೆ ಗೋಣಿಯ ಮೇಲೆ ಕೂತು, ಹಂಡೆ ಕುದಿಯುವ ಸದ್ದಿನಲ್ಲಿ, ಚಿಕ್ಕವರಾಗಿದ್ದಾಗಲೂ ಆಡದಷ್ಟು ಮಾತಾಡಿದೆವು. ಬೋರ್ಬನ್ನು ಮೆಕ್ಕೆಜೋಳದ್ದು ಎಂದಾಗ ನಕ್ಕುಬಿಟ್ಟ. “ನಮ್ಮ ಮಾವನ ಮನೆಯೋರಿಗೆ ಹೇಳಬ್ಯಾಡ, ಜೋಳ ಮಾರಾಕೆ ಅಮೆರಿಕಕ್ಕೆ ಹೊಂಟಾರು” ಎಂದ. ಅತ್ತಿಗೆ ಜಗಳೂರಿಗೆ ಫೋನು ಮಾಡಿ ಅಕ್ಕತಂಗಿಯರಿಗೆಲ್ಲ ‘ಬಿಟ್ಟಂಗೇ ಆತು’ ಎಂದು ಹೇಳಿಕೊಂಡರು. ನನ್ನ ತಟ್ಟೆಗೆ ತುಪ್ಪ ಜಾಸ್ತಿ ಬೀಳತೊಡಗಿತು.

ಆದರೆ ಹೊಟ್ಟೆಯ ಉಬ್ಬರ ಇಳಿಯಲಿಲ್ಲ. ಡಾಕ್ಟರು ಕೊಟ್ಟ ಔಷಧಿ ನಿಧಾನಕ್ಕೆ ಹತ್ತುತ್ತದೆ ಎಂದು ನಾವು ನಾವೇ ಹೇಳಿಕೊಂಡೆವು.

ಒಂದು ಬೆಳಿಗ್ಗೆ ಅಣ್ಣ ಶೆಡ್ಡಿನಿಂದ ಬಂದು ಮನೆಯ ಅಂಗಳದಲ್ಲಿ ಅಡಿಕೆ ಮೂಟೆಯ ಬಾಯಿ ಹೊಲಿಯಲು ಕೂತಿದ್ದ. ದಬ್ಬಣದ ಕಣ್ಣಿಗೆ ಸುತಳಿ ದಾರ ಪೋಣಿಸಿದ, ಒಂದೇ ಏಟಿಗೆ. ಅತ್ತಿಗೆ ಕಾಫಿ ಲೋಟ ಹಿಡಿದು ಬಂದವರು ನನ್ನ ಕಿವಿಯ ಹತ್ತಿರ, “ನೋಡಿದ್ಯಾ, ಕೈ ಒಂಚೂರೂ ನಡುಗಲ್ಲ” ಎಂದರು. ಅವರ ಮುಖದಲ್ಲಿ ಅಷ್ಟು ಸಂತೋಷ ನಾನು ಕಂಡಿರಲಿಲ್ಲ. ನನಗೆ ಮಾತ್ರ ಅದೇ ಸರಿಬರಲಿಲ್ಲ. ಅಷ್ಟು ವರ್ಷ ಕುಡಿದ ಮೈಯಿಂದ ಕುಡಿತ ಜಾರಿಹೋಗುವಾಗ ಸ್ವಲ್ಪವಾದರೂ ನಡುಗಲೇಬೇಕು, ಬೆವರಲೇಬೇಕು, ನಿದ್ದೆಗೆಡಲೇಬೇಕು. ಬಾರಿನಲ್ಲಿ ನಿಂತವರಿಗೆ ಇದು ಗೊತ್ತಿರುತ್ತದೆ. ಬೆಳಿಗ್ಗೆ ನಡುಗುತ್ತ ಬಂದು ಮೊದಲ ನೈಂಟಿ ಇಳಿದ ಮೇಲೆ ಕೈ ನಿಲ್ಲುವವರನ್ನು ನಾನು ದಿನಾ ನೋಡಿದವನು. ಅಣ್ಣನ ಕೈ ನಿಂತಿತ್ತು.

ಸಂಜೆ ನಾನು ಅಳತೆಯ ಬಟ್ಟಲು ತೆಗೆಯಲಿಲ್ಲ. ಗೋಣಿಯ ಮೇಲೆ ಕೂತು ಕೇಳಿದೆ. “ಅಣ್ಣಾ, ಬೆಳಿಗ್ಗೆ ಎಲ್ಲಿ ಕುಡೀತೀಯ?”

ಅವನು ತಡವರಿಸಲಿಲ್ಲ, ಸಿಟ್ಟಾಗಲೂ ಇಲ್ಲ. “ತ್ಯಾವಣಿಗೆ ಬ್ರಾಂಡಿ ಅಂಗಡ್ಯಾಗೆ. ಪ್ಯಾಕೆಟ್ಟು.”

“ಯಾವಾಗಿಂದ?”

“ನೀನು ಚೊಗರು ಹಾಕಿದಿಯಲ್ಲ, ಮರುದಿನದಿಂದ.” ಹಂಡೆಯ ಕೆಳಗಿನ ಬೆಂಕಿಯನ್ನು ಮುಂದಕ್ಕೆ ತಳ್ಳಿದ. “ಬೆಳಗಾನ ಚೊಗರು ನೆಕ್ಕೋ ನಾಲಿಗೆ ಇದು. ಅದನ್ನ ನನಗೇ ಕುಡಿಸ್ತಿಯಲ್ಲೋ ತಮ್ಮಾ. ಶುಂಠಿ ಹಾಕಿದಾಗ ಡೌಟ್ ಇತ್ತು. ಚೊಗರಿಗೆ ಖಾತ್ರಿ ಆತು.”

“ಮತ್ತೆ ಚಲೋ ಐತೆ ಅಂತ ಯಾಕೆ ಅಂತಿದ್ದೆ?”

“ಎಷ್ಟು ಒದ್ದಾಡಿ ಮಾಡ್ತಿದ್ದೆ ನೀನು. ಆ ಗ್ಲಾಸು ಹೊಗೆಗೆ ಹಿಡಿಯೋದು, ಸಿಪ್ಪೆ ಹಿಂಡೋದು. ನನ್ನ ಮುಖಾನೇ ನೋಡ್ಕೊಂಡು ಕೂತಿರ್ತಿದ್ದೆ. ಹೆಂಗೆ ಬ್ಯಾಡ ಅನ್ಲಿ?” ಆಮೇಲೆ, “ಸಾಯಂಕಾಲದ್ದು ನಿಲ್ಲಿಸಬ್ಯಾಡ” ಎಂದ.

ನನಗೆ ಅವನ ಮೇಲೆ ಸಿಟ್ಟು ಬಂತು, ಕೆನ್ನೆಗೆ ಹೊಡೆಯುವಷ್ಟು. ಅದರ ಜೊತೆಗೇ ಅಳುವೂ ಬಂತು. ನನ್ನನ್ನು ಖುಷಿಪಡಿಸಲು ಅವನು ದಿನಾ ಸಂಜೆ ಚಹಾ ಕುಡಿಯುತ್ತಿದ್ದ, ಆ ಖುಷಿ ಕೆಡದಿರಲೆಂದು ದಿನಾ ಬೆಳಿಗ್ಗೆ ತನ್ನನ್ನು ಕೊಲ್ಲುತ್ತಿದ್ದ. ಇಂಥ ಪ್ರೀತಿಯನ್ನು ಏನು ಮಾಡಬೇಕು ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ನನ್ನ ಸಾಮಾನನ್ನು ಚೀಲಕ್ಕೆ ತುಂಬಿ ಮನೆಗೆ ನಡೆದೆ.

ಅತ್ತಿಗೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದರು. ಎಲ್ಲ ಹೇಳಿದೆ, ಏನೂ ಬಿಡದೆ. ಅವರು ತಕ್ಷಣ ಪ್ಯಾಕೆಟ್ಟಿನ ಬಗ್ಗೆ ಕೇಳಲಿಲ್ಲ.

“ಅಂದ್ರೆ ಸಾಯಂಕಾಲ ಕುಡೀತಿದ್ದಿದ್ದು ಬರೀ ಚಾ, ಶುಂಠಿ, ಚೊಗರು?”

“ಹೂಂ.”

“ಅದನ್ನ ಕುಡಿದು, ಚಲೋ ಐತೆ ಅಂತಿದ್ರಾ?”

“ಹೂಂ, ಅತ್ತಿಗೆ.”

ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟರು. “ನಾನು ಮಾಡಿದ ಸಾರಿಗೆ ಒಂದಿನ ಹಂಗೆ ಅಂದೋರಲ್ಲ” ಎಂದರು. “ಸುಳ್ಳಿಗಾದ್ರೂ ಅಂದೋರಲ್ಲ.” ಆಮೇಲೆ ಅತ್ತರು. ಗಂಡ ಸಾಯುತ್ತಾನೆ ಎಂದು ಡಾಕ್ಟರು ಹೇಳಿದಾಗ ಅಳದಿದ್ದವರು ಇದಕ್ಕೆ ಅತ್ತರು. ನಾನು ಅಲ್ಲಿ ನಿಲ್ಲಲಾಗದೆ ಒಳಗೆ ಹೋದೆ.

ಮರುದಿನ ಅವರೇ ಶೆಡ್ಡಿಗೆ ಹೋದರು. ಸುಲಿಯುವವರೆಲ್ಲ ಇದ್ದರು. ಯಾವತ್ತೂ ನಾಲ್ಕು ಜನರೆದುರು ಗಂಡನಿಗೆ ಎದುರಾಡದ ಹೆಂಗಸು, ಅವರೆಲ್ಲರ ಮುಂದೆ, “ಕುಡುಕರ ವಾರ್ಡಿಗೆ ಹೋಗಾಣ ನಡೀರಿ. ಇವರಿಗೆಲ್ಲ ಹೇಳೇ ಹೋಗಾಣ, ಮುಚ್ಚಿಡೋದು ಬ್ಯಾಡ” ಎಂದರು. ಮುಚ್ಚಿಡಲು ಏನೂ ಉಳಿಯದಿದ್ದಾಗ ಅಣ್ಣ ಎದ್ದ. ಹೆದರಿಯೋ, ನಾಚಿಯೋ, ಸಾಕಾಗಿಯೋ, ನನಗೆ ಗೊತ್ತಿಲ್ಲ. ಬೆಂಕಿ ನೋಡಿಕೊಳ್ಳಲು ಒಬ್ಬರಿಗೆ ಹೇಳಿ, ಚಪ್ಪಲಿ ಮೆಟ್ಟಿ, ನಮ್ಮ ಜೊತೆ ಬಂದ.

ವಾರ್ಡಿನಲ್ಲಿ ನಡುಕ ಬಂತು. ಮಂಚವೇ ಅಲುಗಾಡುವಷ್ಟು. ಇಲ್ಲದ ಸುಲಿಯುವವರನ್ನು ಕೂಗಿ ಕರೆದ, ಗೋಡೆಯ ಮೇಲೆ ಅಡಿಕೆ ಹರವಿದ್ದಾರೆ ಎಂದ, ನನ್ನನ್ನು ಗುರುತಿಸದೆ ‘ಯಾರ್ರೀ ನೀವು’ ಎಂದ. ನರ್ಸುಗಳು ಇಂಜೆಕ್ಷನ್ ಕೊಡುತ್ತಿದ್ದರು, ಅತ್ತಿಗೆ ಕಾಲು ಹಿಡಿದುಕೊಂಡು ಕೂತಿದ್ದರು. ನಾನು ಅವನ ಹಣೆ ಒರೆಸಿದೆ. ನನ್ನ ಅಷ್ಟೂ ವಿದ್ಯೆ ಆ ಹೊತ್ತಿನಲ್ಲಿ ಒಂದು ಒದ್ದೆ ಬಟ್ಟೆಯಷ್ಟೂ ಉಪಯೋಗಕ್ಕೆ ಬರಲಿಲ್ಲ. ಅದು ಇಳಿದ ಮೇಲೆ ಮನೆಗೆ ಕಳಿಸಿದರು. ಲಿವರಿನ ಬಗ್ಗೆ ಡಾಕ್ಟರು ಈಗಲೂ ಭರವಸೆ ಕೊಡುವುದಿಲ್ಲ. ಇನ್ನೊಂದು ಪ್ಯಾಕೆಟ್ಟು ಹೊಟ್ಟೆಗೆ ಹೋಗಬಾರದು ಎಂದಷ್ಟೇ ಹೇಳುತ್ತಾರೆ.

ಈಗ ನನಗೆ ಹೊನ್ನಾಳಿಗೆ ವಾಪಸು ಹೋಗಬೇಕು, ಹೋಗಲು ಕಾಲು ಬರುತ್ತಿಲ್ಲ. ಯಾರದೋ ಅಣ್ಣನಿಗೆ ನೈಂಟಿ ಸುರಿಯುವ ಕೈ ಇದೇ. ಬೇರೆ ಕಸುಬು ಬರದು. ಅದನ್ನು ಹೇಗೆ ಸರಿಮಾಡಿಕೊಳ್ಳುವುದೋ ಇನ್ನೂ ಗೊತ್ತಾಗಿಲ್ಲ.

ಇಲ್ಲಿರುವಷ್ಟು ದಿನ ಅತ್ತಿಗೆ ನನಗೊಂದು ಕೆಲಸ ಹಚ್ಚಿದ್ದರು. ಅಣ್ಣ ಶೆಡ್ಡಿನಿಂದ ಬಂದು ಕೈಕಾಲು ತೊಳೆದ ಮೇಲೆ, “ನಿನಗೆ ಮೂಗು ಐತೆ, ನೋಡು” ಎನ್ನುತ್ತಿದ್ದರು. ಅಣ್ಣ ಬಾಯಿ ತೆರೆದು ಉಸಿರು ಬಿಡುತ್ತಿದ್ದ. ಹೊಗೆ, ಜೋಳ, ಕಾಕಂಬಿ ಎಂದು ಬಿಡಿಸಿ ಹೇಳಬಲ್ಲ ಮೂಗನ್ನು ನಾನು ಅವನ ಮುಖದ ಹತ್ತಿರ ತರುತ್ತಿದ್ದೆ. ಅದಕ್ಕಿಂತ ಕೆಟ್ಟ ಕೆಲಸ ಯಾವ ಬಾರಿನಲ್ಲೂ ಮಾಡಿಲ್ಲ. ಮೊನ್ನೆ ಸಂಜೆಯೂ ನೋಡಿದೆ. ಎಲೆಯಡಿಕೆಯ ವಾಸನೆ ಬಿಟ್ಟು ಏನೂ ಇರಲಿಲ್ಲ. ಹಾಗೇ ಹೇಳಿದೆ.

“ಖರೇನಾ?” ಎಂದರು ಅತ್ತಿಗೆ.

“ಖರೇ, ಅತ್ತಿಗೆ.”

ಅವರು ನನ್ನನ್ನು ಒಂದು ಕ್ಷಣ ನೋಡಿದರು. ಅಣ್ಣನಿಗಾಗಿ ನಾನು, ನನಗಾಗಿ ಅಣ್ಣ, ನಾವಿಬ್ಬರೂ ಎಷ್ಟು ಚೆನ್ನಾಗಿ ಸುಳ್ಳು ಹೇಳಬಲ್ಲೆವು ಎಂದು ಅವರಿಗೆ ಈಗ ಗೊತ್ತು. ಸೆರಗಿಗೆ ಕೈ ಒರೆಸಿಕೊಂಡು ಬಂದು, ಕುರ್ಚಿಯಲ್ಲಿ ಕೂತಿದ್ದ ಗಂಡನ ಗಲ್ಲ ಹಿಡಿದು ಮುಖ ಎತ್ತಿದರು. ಮದುವೆಯಾದಾಗಿನಿಂದ ಆ ಬಾಯಿಯ ವಾಸನೆಗೆ ಮುಖ ತಿರುಗಿಸಿಯೇ ಬದುಕಿದವರು. ಬಗ್ಗಿ, ಮೂಗನ್ನು ಅವನ ತುಟಿಯ ಹತ್ತಿರ ತಂದು ಉಸಿರೆಳೆದರು. ಅಣ್ಣ ಕಣ್ಣು ಮುಚ್ಚಿದ. ನೋಡಿಯಾದ ಮೇಲೂ ಅತ್ತಿಗೆ ಕೈ ತೆಗೆಯಲಿಲ್ಲ.

“ನಾಳಿಂದ ನಾನೇ ನೋಡ್ತೀನಿ” ಎಂದರು, ನನಗೆ. ನಾನು ಹೊರಗೆ ಬಂದು ಜಗುಲಿಯ ಮೇಲೆ ಕೂತೆ.